ಫೈಬರ್ ದೋಣಿಯ ಜೆಲ್‌ಕೋಟ್ ರಿಪೇರಿ: ಪಾಲಿಶ್, ಜೆಲ್‌ಕೋಟ್, ಎಪಾಕ್ಸಿ, ಪೇಂಟ್ – ಯಾವ ಹಾನಿಗೆ ಯಾವುದು?

ದೋಣಿಯ ಮೈಯಲ್ಲಿ ಬಿರುಕೋ ಗೀರೋ ಕಂಡ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ಇದಕ್ಕೆ ಏನು ಹಚ್ಚಬೇಕು? ಅಂಗಡಿಯವರು ತಮ್ಮಲ್ಲಿರುವ ಡಬ್ಬಿ ಕೊಡುತ್ತಾರೆ. ಪಕ್ಕದ ದೋಣಿಯವರು ತಾವು ಹಚ್ಚಿದ್ದನ್ನೇ ಹೇಳುತ್ತಾರೆ. ಹಚ್ಚಿದ್ದು ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಎದ್ದು ಬಂದರೆ ಸಾಮಾನು ಸರಿಯಿಲ್ಲ ಎಂದುಕೊಂಡು ಮುಂದಿನ ಸಲ ಬೇರೆ ಡಬ್ಬಿ ತರುತ್ತೇವೆ. ಎಷ್ಟೋ ಸಲ ಸಾಮಾನಿನಲ್ಲಿ ತಪ್ಪೇ ಇರುವುದಿಲ್ಲ. ಆ ಹಾನಿಗೆ ಆ ಸಾಮಾನು ಹೊಂದುವುದಿಲ್ಲ, ಅಷ್ಟೇ.

ಏನು ಹಚ್ಚಬೇಕೆಂದು ತೀರ್ಮಾನಿಸುವುದಕ್ಕೆ ಮೂರು ವಿಷಯ ತಿಳಿದಿರಬೇಕು. ಪೆಟ್ಟು ಎಷ್ಟು ಆಳಕ್ಕೆ ಇಳಿದಿದೆ, ಆ ಜಾಗ ನೀರಿನ ಗೆರೆಯ (ದೋಣಿ ತೇಲುವಾಗ ನೀರು ಮುಟ್ಟುವ ಮಟ್ಟದ) ಮೇಲಿದೆಯೋ ಕೆಳಗಿದೆಯೋ, ಮತ್ತು ಅದು ಆದದ್ದು ಯಾಕೆ. ಈ ಮೂರಕ್ಕೆ ಉತ್ತರ ಸಿಕ್ಕಿದರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ಆಗುತ್ತದೆ. ಇಲ್ಲಿ ಬರೆಯುತ್ತಿರುವುದು ಕಾರವಾರದಿಂದ ಉಳ್ಳಾಲದವರೆಗೆ ನಮ್ಮ ಕರಾವಳಿಯಲ್ಲಿ ಓಡುವ ಔಟ್‌ಬೋರ್ಡ್ (ಹಿಂಬದಿಯ ಹೊರಗೆ ಕೂರಿಸುವ) ಇಂಜಿನ್ನಿನ ಫೈಬರ್ ನಾಡದೋಣಿ, ಹೊಳೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ಸಣ್ಣ ಬೋಟು, ಒಳನಾಡಿನ ಕೆರೆ-ಜಲಾಶಯಗಳ ಫೈಬರ್ ದೋಣಿ, ಇವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು. ದೊಡ್ಡ ಟ್ರಾಲ್ ಬೋಟಿನ ಕೆಲಸ ಬೇರೆಯೇ. ಅದನ್ನು ಒಬ್ಬರೇ ಕೂತು ಮಾಡುವುದು ಸಾಧ್ಯವಿಲ್ಲ.

ಮೊದಲು ಆಳ ನೋಡಿ

ಜೆಲ್‌ಕೋಟ್ ಪೇಂಟ್ ಅಲ್ಲ. ದೋಣಿ ಕಟ್ಟುವಾಗ ಅಚ್ಚಿಗೆ ಮೇಣ ಉಜ್ಜಿ, ಅದರ ಮೇಲೆ ಬಣ್ಣ ಬೆರೆಸಿದ ಮಂದ ಪಾಲಿಯೆಸ್ಟರ್ ರೆಸಿನ್ (ಬಿಗಿದು ಗಟ್ಟಿಯಾಗುವ ಅಂಟು ದ್ರವ) ಬಳಿಯುತ್ತಾರೆ, ಇಲ್ಲವೇ ಗನ್ನಿನಲ್ಲಿ ಹೊಡೆಯುತ್ತಾರೆ. ಅದು ಬಿಗಿಯುತ್ತಾ ಬಂದ ಹೊತ್ತಿಗೆ ಹಿಂದಿನಿಂದ ಮ್ಯಾಟ್ (ಕತ್ತರಿಸಿದ ಗಾಜಿನ ನಾರಿನ ಹಾಸು), ರೋವಿಂಗ್ (ನೇಯ್ದ ಗಾಜಿನ ನಾರು) ಪದರಗಳನ್ನು ರೆಸಿನ್ನಿನಲ್ಲಿ ನೆನೆಸಿ ಕೂರಿಸುತ್ತಾರೆ. ಅಚ್ಚಿನಿಂದ ಎತ್ತಿದ ಮೇಲೆ ಹೊರಗೆ ಮಿರುಗುವ ಪದರ ಜೆಲ್‌ಕೋಟ್. ದಪ್ಪ ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್. ದೋಣಿಗೆ ಬಲ ಬರುವುದು ಹಿಂದಿರುವ ಗಾಜಿನ ನಾರಿನಿಂದ. ಆ ನಾರಿಗೆ ಬಿಸಿಲೂ ನೀರೂ ನೇರ ತಾಗದಂತೆ ಕಾಯುವುದು ಜೆಲ್‌ಕೋಟಿನ ಕೆಲಸ. ನಾರು ಒಮ್ಮೆ ಬಯಲಾಯಿತೆಂದರೆ ನೀರು ಎಳೆಯ ಗುಂಟ ಒಳಗೆ ಸರಿಯುತ್ತಾ ಹೋಗುತ್ತದೆ. ಹೊರಗೆ ಉಗುರಿನಷ್ಟು ಜಾಗ ಹಾರಿಹೋಗಿದ್ದರೂ ಒಳಗೆ ಅಂಗೈಯಗಲ ಒದ್ದೆಯಾಗಿರಬಹುದು.

ಹಾಗಾಗಿ ದೋಣಿಯನ್ನು ಸಿಹಿನೀರಿನಲ್ಲಿ ಸೋಪು ಹಾಕಿ ತೊಳೆದು, ಒಣಗಿಸಿ, ನಿಧಾನವಾಗಿ ನೋಡಿ. ಬಿರುಕಿನ ಮೇಲೆ ಮಾರ್ಕರ್ ಪೆನ್ನಿನ ಶಾಯಿ ಹಚ್ಚಿ ಕೂಡಲೇ ಒರೆಸಿದರೆ ಕೂದಲೆಳೆಯಂಥ ಗೆರೆಗಳೂ ಕಪ್ಪಾಗಿ ಎದ್ದು ಕಾಣುತ್ತವೆ. ಬಿರುಕು ಎಲ್ಲಿ ಕೊನೆಯಾಗಿದೆ ಎಂದು ಗೊತ್ತಾಗುತ್ತದೆ. ಆಮೇಲೆ ಸ್ಕ್ರೂಡ್ರೈವರಿನ ಹಿಡಿಯಿಂದ ಸುತ್ತ ಮೆಲ್ಲಗೆ ಕುಟ್ಟಿ. ಗಟ್ಟಿ ಜಾಗದಲ್ಲಿ ಟಣ್ ಎನ್ನುತ್ತದೆ. ಪದರ ಬಿಟ್ಟಿರುವಲ್ಲಿ ಸದ್ದು ಮಂಕಾಗಿ ಡಬ್ ಡಬ್ ಎನ್ನುತ್ತದೆ. ಮಂಕು ಸದ್ದಿನ ಜಾಗಕ್ಕೆಲ್ಲ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಹೆಬ್ಬೆರಳಿನಿಂದ ಒತ್ತಿದಾಗ ಜಾಗ ಒಳಕ್ಕೆ ಹೋಗಿ ಬರುವಂತಿದ್ದರೆ ಅದು ಜೆಲ್‌ಕೋಟಿನ ವಿಚಾರವಾಗಿ ಉಳಿದಿಲ್ಲ, ಫೈಬರ್ ಪದರವೇ ಹೋಗಿದೆ.

ಒಳಗೆ ನೀರಿದೆಯೇ ಎಂದು ತಿಳಿಯಲು ಮೀಟರ್ ಬೇಕೆಂದಿಲ್ಲ. ಒಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಆ ಜಾಗದ ಮೇಲಿಟ್ಟು ನಾಲ್ಕೂ ಅಂಚಿಗೆ ಟೇಪು ಬಿಗಿದು ಒಂದು ಪೂರ್ತಿ ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಒಣಗಿಲ್ಲ ಎಂದರ್ಥ. ಒದ್ದೆಯ ಮೇಲೆ ಎಂಥ ಸಾಮಾನು ಹಚ್ಚಿದರೂ ಅದು ನಿಲ್ಲುವುದಿಲ್ಲ.

ಬಿರುಕಿನ ಆಕಾರ ಕಾರಣವನ್ನು ಹೇಳುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಸುತ್ತ ಹರಡಿದ್ದರೆ ಅಲ್ಲಿ ಏನೋ ಬಡಿದಿದೆ: ದಕ್ಕೆಯ ಕಲ್ಲು, ಇನ್ನೊಂದು ದೋಣಿಯ ಮೂತಿ, ಒಳಗಡೆ ಬಿದ್ದ ಲಂಗರು. ಸಾಲಾಗಿ, ಒಂದಕ್ಕೊಂದು ಸಮಾನಾಂತರವಾಗಿ ಗೆರೆಗಳು ಬಂದಿದ್ದರೆ ಆ ಭಾಗ ಬಾಗುತ್ತಿದೆ. ಇಂಜಿನ್ ಕೂರಿಸುವ ಟ್ರಾನ್ಸಮ್ಮಿನ ಮೂಲೆಗಳಲ್ಲಿ, ಅಡ್ಡಪಟ್ಟಿ ಒಡಲಿಗೆ ಸೇರುವಲ್ಲಿ, ಹಗ್ಗ ಕಟ್ಟುವ ಗೂಟದ ಬುಡದಲ್ಲಿ ಇಂಥ ಗೆರೆಗಳು ಮೊದಲು ಕಾಣುತ್ತವೆ. ಇಲ್ಲಿ ನನ್ನ ಮಾತು ಖಡಾಖಂಡಿತ: ಬಾಗುವಿಕೆಯಿಂದ ಬಂದ ಬಿರುಕಿಗೆ ಹೊರಗಿನಿಂದ ಏನು ಹಚ್ಚಿದರೂ ದುಡ್ಡು ದಂಡ. ಒಳಗಿನಿಂದ ಎರಡು-ಮೂರು ಪದರ ಮ್ಯಾಟ್, ರೋವಿಂಗ್ ಕೂರಿಸಿ ಆ ಭಾಗವನ್ನು ಗಟ್ಟಿ ಮಾಡಿ, ಸಡಿಲವಾದ ಬೋಲ್ಟ್ ಬಿಗಿದು, ಆಮೇಲೆ ಹೊರಮೈ ಮುಟ್ಟಬೇಕು.

ದೋಣಿಗೆ ಪುರುಸೊತ್ತಿರುವಾಗ ಹವೆ ಸರಿಯಿರುವುದಿಲ್ಲ

ಯಾಂತ್ರೀಕೃತ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧ. ದೋಣಿ ದಡದಲ್ಲಿ, ಕೈ ಖಾಲಿ. ರಿಪೇರಿಗೆ ಇದೇ ಸಮಯ ಎಂದು ತೋರುತ್ತದೆ. ಮರಗೆಲಸಕ್ಕೆ, ಇಂಜಿನ್ ಬಿಚ್ಚುವುದಕ್ಕೆ, ಬಲೆ ಹೆಣೆಯುವುದಕ್ಕೆ ಅದು ಒಳ್ಳೆಯ ಕಾಲ. ಜೆಲ್‌ಕೋಟಿಗೆ ಮಾತ್ರ ವರ್ಷದಲ್ಲೇ ಕೆಟ್ಟ ಕಾಲ. ಗಾಳಿಯ ತೇವಕ್ಕೆ ಮೈ ಒಣಗುವುದಿಲ್ಲ, ಪಾಲಿಯೆಸ್ಟರ್ ಸರಿಯಾಗಿ ಬಿಗಿಯುವುದಿಲ್ಲ, ಇನ್ನೊಂದು ಜಾತಿಯ ರೆಸಿನ್ ಆದ ಎಪಾಕ್ಸಿಯ ಮೇಲೆ ಜಿಡ್ಡಿನ ಪೊರೆ ಕಟ್ಟುತ್ತದೆ. ಮೇಲೆ ಬರೇ ತಾಡಪಾಲು ಕಟ್ಟಿದರೆ ಮಳೆ ನಿಲ್ಲುತ್ತದೆ, ತೇವ ನಿಲ್ಲುವುದಿಲ್ಲ.

ಬದಿ ಮುಚ್ಚಿದ ಶೆಡ್ ಇದ್ದು, ಬಲ್ಬು ಉರಿಸಿ ಜಾಗವನ್ನು ಬೆಚ್ಚಗಿಡಲು ಸಾಧ್ಯವಿದ್ದರೆ ಮಳೆಗಾಲದಲ್ಲೂ ಮಾಡಬಹುದು. ಇಲ್ಲದಿದ್ದರೆ ಏಪ್ರಿಲ್-ಮೇ ತಿಂಗಳಿನಲ್ಲಿ, ಮೊದಲ ಮಳೆಗೆ ಮುಂಚೆ ಮುಗಿಸಿ, ಅಥವಾ ದಸರಾ ಕಳೆದ ಮೇಲೆ ಹವೆ ತಿಳಿಯಾದಾಗ ಒಂದು ವಾರ ಬಿಡುವು ಮಾಡಿಕೊಳ್ಳಿ. ಮಳೆಗಾಲದಲ್ಲೇ ಕಡಲಿಗಿಳಿಯುವ ನಾಡದೋಣಿಗಳವರಿಗಂತೂ ಬೇಸಗೆಯ ಕೊನೆಯೇ ಸರಿಯಾದ ಹೊತ್ತು.

ಬೇಸಗೆಗೂ ಅದರದೇ ಕಷ್ಟವಿದೆ. ಮಧ್ಯಾಹ್ನದ ಬಿಸಿಲಿಗೆ ಕಾದ ಗಾಢ ಬಣ್ಣದ ಒಡಲನ್ನು ಕೈಯಿಂದ ಮುಟ್ಟಲಾಗುವುದಿಲ್ಲ. ಅದರ ಮೇಲೆ ಹಚ್ಚಿದ ರೆಸಿನ್ ನಿಮಿಷಗಳಲ್ಲಿ ಬಿಗಿದು ಕುಗ್ಗಿ ಅಂಚು ಬಿಡುತ್ತದೆ. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು, ನೆರಳಿನಲ್ಲಿ ಮಾಡಬೇಕಾದ ಕೆಲಸ ಇದು.

ಪಾಲಿಶ್: ಸವೆಸುವ ಉಪಾಯ

ಬಣ್ಣ ಮಾಸಿ, ಕೈಗೆ ಸುಣ್ಣದ ಪುಡಿಯಂತೆ ಅಂಟುತ್ತಿದ್ದರೆ, ಅಥವಾ ಗೀರು ಉಗುರಿಗೆ ತಡೆಯದಷ್ಟು ಮೇಲುಮೇಲಿನದ್ದಾಗಿದ್ದರೆ ಇಷ್ಟೇ ಸಾಕು. 800ರ ವಾಟರ್ ಪೇಪರಿನಲ್ಲಿ (ಅಂಕಿ ಹೆಚ್ಚಿದಷ್ಟೂ ಪೇಪರ್ ನಯ) ನೀರು ಹಾಕುತ್ತಾ ಉಜ್ಜಿ, 1000, 1500ಕ್ಕೆ ಏರಿ, ರಬ್ಬಿಂಗ್ ಕಾಂಪೌಂಡ್ ಹಚ್ಚಿ, ಕೊನೆಗೆ ಮೇಣದ ಪಾಲಿಶ್ ಕೊಟ್ಟರೆ ಹೊಳಪು ಮರಳುತ್ತದೆ. ಖರ್ಚು ಕಡಿಮೆ, ಅಪಾಯ ಕಡಿಮೆ. ಆದರೆ ಪ್ರತಿ ಸಲವೂ ಅರ್ಧ ಮಿಲಿಮೀಟರಿನಲ್ಲೇ ಸ್ವಲ್ಪ ಕರಗುತ್ತದೆ ಎಂಬುದು ನೆನಪಿರಲಿ. ಅಂಚುಗಳಲ್ಲಿ, ಮೂಲೆಗಳಲ್ಲಿ ಜೆಲ್‌ಕೋಟ್ ಮೊದಲೇ ತೆಳ್ಳಗಿರುತ್ತದೆ. ಮಿಷನ್ನಿನಲ್ಲಿ ಒತ್ತಿ ಉಜ್ಜಿದರೆ ಕ್ಷಣದಲ್ಲಿ ನಾರು ಕಾಣಿಸಿಕೊಳ್ಳುತ್ತದೆ. ಉಗುರು ತಡೆಯುವ ಗೀರಿಗೆ ಪಾಲಿಶ್ ಮದ್ದಲ್ಲ. ಅದನ್ನು ತುಂಬಬೇಕು.

ಜೆಲ್‌ಕೋಟಿಗೆ ಜೆಲ್‌ಕೋಟೇ

ನೀರಿನ ಗೆರೆಯ ಮೇಲಿನ ಗೀರು, ಹಾರಿಹೋದ ಚೂರು, ನಕ್ಷತ್ರ ಬಿರುಕು, ಇವುಗಳಿಗೆ ಅದೇ ಜಾತಿಯ ಸಾಮಾನು ಸರಿಯಾದದ್ದು. ಹಳೆಯದರ ಜೊತೆಗೇ ಉಜ್ಜಿ ಒಂದಾಗಿಸಬಹುದು, ಬಿಸಿಲು ತಡೆಯುತ್ತದೆ, ಮೇಲೆ ಪೇಂಟ್ ಬೇಡ. ದೋಣಿ ಹೊಸದು, ಉಳಿದ ಜೆಲ್‌ಕೋಟ್ ಗಟ್ಟಿಯಾಗಿದೆ ಎಂದಾದರೆ ನಾನು ಬೇರೆ ಆಯ್ಕೆಯನ್ನು ಯೋಚಿಸುವುದೇ ಇಲ್ಲ.

ಕೊಳ್ಳುವಾಗ ತಯಾರಾದ ತಾರೀಕು ನೋಡಿ. ಜೆಲ್‌ಕೋಟ್ ಡಬ್ಬಿಯಲ್ಲೂ ಮುದಿಯಾಗುತ್ತದೆ. ಸೆಕೆಯ ಗೋದಾಮಿನಲ್ಲಿ ಇನ್ನೂ ಬೇಗ. ಮುಚ್ಚಳ ತೆರೆದಾಗ ಗಂಟುಗಂಟಾಗಿದ್ದರೆ ವಾಪಸು ಕೊಡಿ. ಇನ್ನೊಂದು ಪ್ರಶ್ನೆಯನ್ನು ಅಂಗಡಿಯಲ್ಲೇ ಕೇಳಬೇಕು: ಇದರಲ್ಲಿ ಕೊಬಾಲ್ಟ್ ಸೇರಿದೆಯೇ, ಬೇರೆ ಹಾಕಬೇಕೇ? ನಮ್ಮಲ್ಲಿ ಪಾಲಿಯೆಸ್ಟರ್ ರೆಸಿನ್ ಜೊತೆ ಎರಡು ಸಣ್ಣ ಬಾಟಲಿ ಕೊಡುವುದು ರೂಢಿ. ನೇರಳೆ ಬಣ್ಣದ್ದು ಕೊಬಾಲ್ಟ್ ಎಕ್ಸಲರೇಟರ್, ಬಿಗಿಯುವುದನ್ನು ಚುರುಕುಗೊಳಿಸುವುದು; ಬಣ್ಣವಿಲ್ಲದ ನೀರಿನಂಥದ್ದು ರೆಸಿನ್ ಬಿಗಿಯುವಂತೆ ಮಾಡುವ ಕ್ಯಾಟಲಿಸ್ಟ್, ಅಂದರೆ ಎಂಇಕೆಪಿ. ಈ ಎರಡನ್ನು ಯಾವ ಕಾರಣಕ್ಕೂ ನೇರವಾಗಿ ಬೆರೆಸಬೇಡಿ. ಉಗ್ರವಾಗಿ ಉರಿದು ಸಿಡಿಯಬಹುದು. ಮೊದಲು ಕೊಬಾಲ್ಟನ್ನು ರೆಸಿನ್ನಿಗೆ ಹಾಕಿ ಪೂರ್ತಿ ಕಲಸಿ, ಆಮೇಲೆ ಕ್ಯಾಟಲಿಸ್ಟ್ ಹಾಕಿ. ಎರಡಕ್ಕೂ ಬೇರೆ ಬೇರೆ ಸಿರಿಂಜ್ ಇರಲಿ, ಎರಡು ಬಾಟಲಿಗಳನ್ನು ಒಂದೇ ಡಬ್ಬದಲ್ಲಿ ಇಡಬೇಡಿ. ಕ್ಯಾಟಲಿಸ್ಟಿನ ಒಂದು ಹನಿ ಕಣ್ಣಿಗೆ ಸಿಡಿದರೂ ದೃಷ್ಟಿ ಹೋಗಬಹುದು. ಕಣ್ಣು ಪೂರ್ತಿ ಮುಚ್ಚುವ ರಕ್ಷಣಾ ಕನ್ನಡಕ ಹಾಕದೆ ಬಾಟಲಿ ತೆರೆಯಲೇಬಾರದು. ಸಿಡಿದರೆ ಕಾಲು ಗಂಟೆ ಬಿಡದೆ ನೀರು ಹಾಯಿಸಿ ತೊಳೆದು ನೇರ ಆಸ್ಪತ್ರೆಗೆ ಹೋಗಿ. ನಮ್ಮ ಬಂದರುಗಳಲ್ಲಿ ಎಷ್ಟೋ ಹುಡುಗರು ಬರಿಗೈಯಲ್ಲಿ, ಬರಿಗಣ್ಣಿನಲ್ಲಿ ಈ ಕೆಲಸ ಮಾಡುವುದನ್ನು ನೋಡುವಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕನ್ನಡಕ, ಕೈಗವಸು, ಆವಿ ಸೋಸುವ ಕಾರ್ಟ್ರಿಜ್ ಇರುವ ಮಾಸ್ಕ್, ಇವು ದೊಡ್ಡ ಖರ್ಚೇನಲ್ಲ. ರೆಸಿನ್ನಿನಿಂದ ಏಳುವ ಸ್ಟೈರೀನ್ ಆವಿಗೆ ಬೇಗ ಬೆಂಕಿ ಹತ್ತುತ್ತದೆ. ಹತ್ತಿರ ಬೀಡಿಯೂ ಬೇಡ, ವೆಲ್ಡಿಂಗೂ ಬೇಡ.

ಕ್ಯಾಟಲಿಸ್ಟ್ ಹಾಲಿಗೆ ಹಾಕುವ ಹೆಪ್ಪಿನ ಹಾಗೆ: ಕೊಂಚವೇ ಬೇಕು, ಆ ಕೊಂಚದಲ್ಲಿ ಹೆಚ್ಚುಕಡಿಮೆಯಾದರೆ ಎಲ್ಲವೂ ಕೆಡುತ್ತದೆ. ತೂಕದಲ್ಲಿ 1ರಿಂದ 2 ಶೇಕಡಾ. 100 ಗ್ರಾಂ ಜೆಲ್‌ಕೋಟಿಗೆ 2 ಗ್ರಾಂ ಎಂದರೆ ಸಿರಿಂಜಿನಲ್ಲಿ 2 ಮಿಲಿಗಿಂತ ತುಸು ಕಡಿಮೆ. ನಮ್ಮ ಬೇಸಗೆಯ ಸೆಕೆಗೆ 1ರಿಂದ ಒಂದೂಕಾಲು ಸಾಕು; 1ಕ್ಕಿಂತ ಕೆಳಗೆ ಇಳಿಯಬಾರದು. ಬೇಗ ಒಣಗಲಿ ಎಂದು ಹೆಚ್ಚು ಸುರಿದರೆ ಬಿಸಿಯೇರಿ ಬಿರುಕು ಬಿಡುತ್ತದೆ, ಬಣ್ಣವೂ ಕೆಡುತ್ತದೆ. ಕಡಿಮೆ ಹಾಕಿದರೆ ಎಂದಿಗೂ ಪೂರ್ತಿ ಬಿಗಿಯುವುದಿಲ್ಲ. ಹಾಗೆ ಮೆತ್ತಗೆ ಉಳಿದದ್ದರ ಮೇಲೆ ಮತ್ತೊಂದು ಕೈ ಬಳಿದು ಪ್ರಯೋಜನವಿಲ್ಲ, ಕೆರೆದು ತೆಗೆಯುವುದೇ ದಾರಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಂಥದ್ದೇ ಒಂದನ್ನು ಈ ಕೆಲಸಕ್ಕೆಂದೇ ಕೊಂಡಿಟ್ಟುಕೊಳ್ಳಿ. ಅಂದಾಜಿನ ಲೆಕ್ಕದಲ್ಲಿ ಕೆಟ್ಟುಹೋಗುವ ರಿಪೇರಿಗಳೇ ಹೆಚ್ಚು.

ಇನ್ನೊಂದು ಗೊಂದಲ ಅಂಟಿನದು. ಸಾದಾ ಜೆಲ್‌ಕೋಟಿನ ಮೇಲ್ಮೈ ಗಾಳಿ ತಾಗುವಲ್ಲಿ ಅಂಟಂಟಾಗಿಯೇ ಉಳಿಯುತ್ತದೆ. ಅದು ದೋಷವಲ್ಲ, ಅದರ ಗುಣ. ಅಚ್ಚಿನೊಳಗೆ ಹಚ್ಚಿದಾಗ ಆ ಅಂಟೇ ಮುಂದಿನ ಪದರವನ್ನು ಹಿಡಿಯುತ್ತದೆ. ರಿಪೇರಿಯಲ್ಲಿ ಮಾತ್ರ ಗಾಳಿಯನ್ನು ತಡೆಯಬೇಕು. ಸ್ಟೈರೀನಿನಲ್ಲಿ ಕರಗಿಸಿದ ಮೇಣದ ದ್ರಾವಣ ಸಿಗುತ್ತದೆ, ಅದನ್ನು ಕೊನೆಯ ಕೋಟಿಗೆ ಮಾತ್ರ ಬೆರೆಸಬಹುದು. ಸಣ್ಣ ಜಾಗವಾದರೆ ನಯವಾದ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪು ಹಾಕಿದರೂ ಆಯಿತು. ಮೇಣ ಹಾಕಿದ ಕೋಟಿನ ಮೇಲೆ ಮತ್ತೆ ಹಚ್ಚಬೇಕಾದರೆ ಉಜ್ಜಿ ಮೇಣ ತೆಗೆಯಲೇಬೇಕು.

ಬಣ್ಣ ಹೊಂದಿಸುವುದು ಎಲ್ಲಕ್ಕಿಂತ ಕಷ್ಟ. ಹೊಸ ದೋಣಿಯ ಬಿಳಿಯೇ ಒಂದು, ಐದು ವರ್ಷ ಬಿಸಿಲು ಕಂಡ ಬಿಳಿಯೇ ಇನ್ನೊಂದು. ರಿಪೇರಿಯ ಪಕ್ಕದ ಜಾಗವನ್ನು ಮೊದಲು ಪಾಲಿಶ್ ಮಾಡಿ ನಿಜವಾದ ಬಣ್ಣ ಹೊರಗೆ ತನ್ನಿ. ಬಿಳಿ ಜೆಲ್‌ಕೋಟಿಗೆ ಕಡ್ಡಿಯ ತುದಿಯಲ್ಲಿ ಹಳದಿ, ಕಂದು, ಕಪ್ಪು ಪಿಗ್ಮೆಂಟ್ ಮುಟ್ಟಿಸುತ್ತಾ ಕಲಸಿ, ಒಂದು ತೊಟ್ಟನ್ನು ಒಡಲಿನ ಮೇಲೇ ಇಟ್ಟು ಎರಡು ಹೆಜ್ಜೆ ಹಿಂದೆ ಸರಿದು ಹಗಲಿನ ಬೆಳಕಿನಲ್ಲಿ ನೋಡಿ. ಸ್ವಲ್ಪ ಹಳದಿ ಕಡಿಮೆಯೆನಿಸಿದರೆ ಮತ್ತೆ ಕಡ್ಡಿ ಮುಟ್ಟಿಸಿ. ಹೊಂದಿತು ಎನಿಸಿದಾಗ ಅದೇ ಬಣ್ಣದ ಒಂದು ತೊಟ್ಟಿಗೆ ಕ್ಯಾಟಲಿಸ್ಟ್ ಹಾಕಿ, ಮಾದರಿಯಾಗಿ ಒಣಗಿಸಿ ನೋಡುವ ತಾಳ್ಮೆ ಇರಲಿ. ಬಿಗಿದ ಮೇಲೆ ಬಣ್ಣ ತುಸು ಬದಲಾಗುತ್ತದೆ. ದುಡಿಯುವ ದೋಣಿಗೆ ಇಷ್ಟು ಹೊಂದಾಣಿಕೆ ಬೇಕೇ ಎಂದರೆ ಬೇಡ. ಮಾರುವ ಯೋಚನೆಯಿರುವ ದೋಣಿಗೆ, ಪ್ರವಾಸಿ ಬೋಟಿಗೆ ಬೇಕು.

ನಕ್ಷತ್ರ ಬಿರುಕೊಂದನ್ನು ತುಂಬುವ ಬಗೆ

ಮೂತಿಯ ಬದಿಯಲ್ಲಿ ಅಂಗೈಯಗಲದ ನಕ್ಷತ್ರ ಬಿರುಕು ಇದೆ ಎಂದುಕೊಳ್ಳಿ. ಕುಟ್ಟಿದರೆ ಸದ್ದು ಗಟ್ಟಿಯಾಗಿದೆ, ನಾರಿಗೆ ಏನೂ ಆಗಿಲ್ಲ. ಬಿರುಕಿನ ಮೇಲೆಯೇ ಜೆಲ್‌ಕೋಟ್ ಸವರಿದರೆ ಅದು ಒಳಗೆ ಇಳಿಯುವುದಿಲ್ಲ. ಕೆಲವು ತಿಂಗಳಲ್ಲಿ ಅದೇ ಗೆರೆ ಮತ್ತೆ ಮೇಲೆ ಮೂಡುತ್ತದೆ. ಬಿರುಕನ್ನು ಅಗಲ ಮಾಡಿ ತೆರೆಯಬೇಕು. ಇದು ಮನಸ್ಸಿಗೆ ಒಗ್ಗದ ಕೆಲಸ, ಆದರೂ ಬೇರೆ ದಾರಿಯಿಲ್ಲ.

ಮೊದಲು ಅಸಿಟೋನ್ ಬಟ್ಟೆಯಿಂದ ಒರೆಸಿ ಹಳೆಯ ಮೇಣ, ಎಣ್ಣೆ ತೆಗೆಯಿರಿ. ಉಜ್ಜಿದ ಮೇಲೆ ಒರೆಸಿದರೆ ಸಾಲದು, ಮೇಣ ಆಗಲೇ ಗೀರುಗಳೊಳಗೆ ಸೇರಿರುತ್ತದೆ. ಹಳೆಯ ಸ್ಕ್ರೂಡ್ರೈವರಿನ ತುದಿಯನ್ನು ಓರೆಯಾಗಿ ಮಸೆದುಕೊಂಡು ಪ್ರತಿ ಗೆರೆಯನ್ನೂ ವಿ ಆಕಾರದ ಕಾಲುವೆಯಂತೆ ಕೆರೆಯಿರಿ. ಕಾಲುವೆಯ ತಳದಲ್ಲಿ ಕಪ್ಪು ಕೂದಲೆಳೆ ಕಾಣಿಸುತ್ತಿರುವಷ್ಟು ಹೊತ್ತು ಬಿರುಕು ಇನ್ನೂ ಇದೆ. ಅದು ಮಾಯವಾಗುವವರೆಗೆ, ಬೇಕಾದರೆ ಹಸಿರು ಛಾಯೆಯ ಫೈಬರ್ ಕಾಣುವವರೆಗೆ ಇಳಿಯಿರಿ. ಗೆರೆಯ ತುದಿಗಿಂತ ಒಂದು ಬೆರಳು ಮುಂದಕ್ಕೂ ಕೆರೆಯಿರಿ, ಇಲ್ಲದಿದ್ದರೆ ಬಿರುಕು ಅಲ್ಲಿಂದಲೇ ಮುಂದುವರಿಯುತ್ತದೆ. ಆಮೇಲೆ ಕಾಲುವೆಯ ಇಕ್ಕೆಲವನ್ನು 120ರ ಪೇಪರಿನಿಂದ ಉಜ್ಜಿ, ಪುಡಿ ಊದದೆ ಬ್ರಶ್ಶಿನಿಂದ ತೆಗೆದು, ಮತ್ತೊಮ್ಮೆ ಅಸಿಟೋನ್ ಒರೆಸಿ ಆರಲು ಬಿಡಿ.

ಜೆಲ್‌ಕೋಟ್ ಕಾಲುವೆಯಲ್ಲಿ ನಿಲ್ಲುವಷ್ಟು ಮಂದವಾಗಿರಬೇಕು. ನೀರಾಗಿದ್ದರೆ ಕೊಲಾಯ್ಡಲ್ ಸಿಲಿಕಾ ಪುಡಿ ಬೆರೆಸಿ ಬೆಣ್ಣೆಯ ಹದಕ್ಕೆ ತನ್ನಿ. ಒಂದು ಸಲಕ್ಕೆ 50 ಗ್ರಾಮಿಗಿಂತ ಹೆಚ್ಚು ಕಲಸಬೇಡಿ, ಸೆಕೆಯಲ್ಲಿ ಹತ್ತು ನಿಮಿಷದಲ್ಲೇ ಬಿಗಿಯಬಹುದು. ಪ್ಲಾಸ್ಟಿಕ್ ತುಂಡಿನಿಂದ ಓರೆಯಾಗಿ ಒತ್ತುತ್ತಾ ತುಂಬಿದರೆ ಗಾಳಿಗುಳ್ಳೆ ಹೊರಗೆ ಹೋಗುತ್ತದೆ. ಪಾಲಿಯೆಸ್ಟರ್ ಬಿಗಿಯುವಾಗ ಕುಗ್ಗುವುದರಿಂದ ಸುತ್ತಲಿಗಿಂತ ತುಸು ಎತ್ತರಕ್ಕೇ ನಿಲ್ಲಿಸಿ. ಒಂದು ಮಿಲಿಮೀಟರಿಗಿಂತ ಆಳವಿದ್ದರೆ ಬರೇ ಜೆಲ್‌ಕೋಟಿನಿಂದ ತುಂಬಬೇಡಿ, ದಪ್ಪಗಾದರೆ ಅದೇ ಬಿರುಕು ಬಿಡುತ್ತದೆ. ಪಾಲಿಯೆಸ್ಟರ್ ರೆಸಿನ್ನಿಗೆ ಕತ್ತರಿಸಿದ ಗಾಜಿನ ನಾರು ಬೆರೆಸಿದ ಪುಟ್ಟಿಯಿಂದ ತಳ ತುಂಬಿ, ಅದನ್ನು ಉಜ್ಜಿ, ಮೇಲಿನ ಪದರ ಮಾತ್ರ ಜೆಲ್‌ಕೋಟ್ ಕೊಡಿ.

ಮರುದಿನ 220ರಿಂದ ಸಮ ಮಾಡಲು ಶುರು ಮಾಡಿ. ಬೆರಳಿನಿಂದ ಉಜ್ಜಬಾರದು, ತಗ್ಗು ಬೀಳುತ್ತದೆ. ಪೇಪರನ್ನು ಮರದ ತುಂಡಿಗೆ ಸುತ್ತಿ ಉಜ್ಜಿ. 400, 600, 800, 1000, 1500, ಆಮೇಲೆ ಕಾಂಪೌಂಡ್. ನಡುವೆ ಒಂದು ಹಂತ ಹಾರಿಸಿದರೆ ಹಿಂದಿನ ಗೀರು ಹೊಳಪಿನ ಕೆಳಗೆ ಕೊನೆಯವರೆಗೂ ಕಾಣುತ್ತಿರುತ್ತದೆ.

ಎಪಾಕ್ಸಿ: ನೀರಿನ ಕೆಳಗೆ ನನ್ನ ಆಯ್ಕೆ

ಹೊಯಿಗೆಯ ಮೇಲೆ ದಿನವೂ ಎಳೆಯುವ ದೋಣಿಯ ಅಡಿಭಾಗ, ಕೀಲ್ (ಅಡಿಯ ನಡುವೆ ಉದ್ದಕ್ಕೂ ಇರುವ ದಿಂಡು), ಅಳಿವೆಯ ಬಂಡೆಗೆ ತಾಗಿ ನಾರು ಬಯಲಾದ ಜಾಗ, ಇಲ್ಲೆಲ್ಲ ಜೆಲ್‌ಕೋಟಿಗಿಂತ ಎಪಾಕ್ಸಿ ಮೇಲು. ಗಟ್ಟಿಯಾದ ಹಳೆಯ ಪಾಲಿಯೆಸ್ಟರಿನ ಮೇಲೆ ಹೊಸ ಪಾಲಿಯೆಸ್ಟರಿಗಿಂತ ಎಪಾಕ್ಸಿ ಬಿಗಿಯಾಗಿ ಹಿಡಿಯುತ್ತದೆ, ಕುಗ್ಗುವುದು ಕಡಿಮೆ, ನೀರನ್ನು ಹೆಚ್ಚು ಚೆನ್ನಾಗಿ ತಡೆಯುತ್ತದೆ. ಬೆಲೆ ಪಾಲಿಯೆಸ್ಟರಿನ ಎರಡು-ಮೂರು ಪಟ್ಟು. ರಿಪೇರಿಗೆ ಬೇಕಾಗುವುದು ಸ್ವಲ್ಪವೇ ಆದ್ದರಿಂದ ಇಲ್ಲಿ ಜಿಪುಣತನ ತೋರಿಸುವುದು ಲಾಭವಲ್ಲ.

ಪಾಲಿಯೆಸ್ಟರಿನಲ್ಲಿ ಕೈಪಳಗಿದವರು ಎಪಾಕ್ಸಿಯಲ್ಲಿ ಎಡವುವ ಜಾಗ ಒಂದಿದೆ. ಇಲ್ಲಿ ಹಾರ್ಡ್ನರನ್ನು, ಅಂದರೆ ಎಪಾಕ್ಸಿಯನ್ನು ಗಟ್ಟಿಯಾಗಿಸುವ ಎರಡನೇ ಡಬ್ಬಿಯ ದ್ರವವನ್ನು, ಹವೆ ನೋಡಿ ಹೆಚ್ಚುಕಡಿಮೆ ಮಾಡುವಂತಿಲ್ಲ. ಡಬ್ಬಿಯ ಮೇಲೆ ಎರಡಕ್ಕೆ ಒಂದು ಎಂದಿದ್ದರೆ ಎರಡಕ್ಕೆ ಒಂದೇ, ಐದಕ್ಕೆ ಒಂದು ಎಂದಿದ್ದರೆ ಐದಕ್ಕೆ ಒಂದೇ. ಹೆಚ್ಚು ಹಾಕಿದರೆ ಬೇಗ ಬಿಗಿಯುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಸೆಕೆಗೆ ನಿಧಾನದ ಹಾರ್ಡ್ನರ್ ಬೇರೆಯೇ ಸಿಗುತ್ತದೆ, ಅದನ್ನು ಕೇಳಿ ತನ್ನಿ. ತೇವದ ಗಾಳಿಯಲ್ಲಿ ಬಿಗಿದ ಎಪಾಕ್ಸಿಯ ಮೇಲೆ ಕೈಗೆ ಜಾರುವ ಪೊರೆಯೊಂದು ಕಟ್ಟುತ್ತದೆ. ಅದನ್ನು ತಿನ್ನರಿನಿಂದ ಒರೆಸಿ ಹರಡಬೇಡಿ, ನೀರು ಹಾಕಿ ನಾರಿನ ಬ್ರಶ್ಶಿನಲ್ಲಿ ತಿಕ್ಕಿದರೆ ಹೋಗುತ್ತದೆ. ಅದು ಹೋದ ಮೇಲೆಯೇ ಪೇಪರ್ ಹಿಡಿಯಿರಿ.

ನಾರಿನ ಪದರವೂ ಹರಿದಿದ್ದರೆ ಬರೀ ಪುಟ್ಟಿ ತುಂಬುವುದು ತಪ್ಪು. ಆಳದ ಹನ್ನೆರಡು ಪಟ್ಟು ಅಗಲಕ್ಕೆ ಸುತ್ತ ಇಳಿಜಾರಾಗಿ ಉಜ್ಜಿ, ಬಟ್ಟೆಯ ತುಂಡುಗಳನ್ನು ಒಂದರ ಮೇಲೊಂದು ಕೂರಿಸಬೇಕು. 5 ಮಿಲಿಮೀಟರ್ ಆಳಕ್ಕೆ ಸುತ್ತಲೂ 60 ಮಿಲಿಮೀಟರ್ ಇಳಿಜಾರು. ಎಪಾಕ್ಸಿಗೆ ಸಾದಾ ಚಾಪ್ಡ್ ಮ್ಯಾಟ್ ಹೊಂದುವುದಿಲ್ಲ. ಮ್ಯಾಟಿನ ಎಳೆಗಳನ್ನು ಹಿಡಿದಿರುವ ಅಂಟು ಕರಗುವುದು ಸ್ಟೈರೀನಿನಲ್ಲಿ, ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲ. ನೇಯ್ದ ರೋವಿಂಗ್ ಅಥವಾ ಗಾಜಿನ ಬಟ್ಟೆ ಬಳಸಿ.

ಎಪಾಕ್ಸಿಯ ದೊಡ್ಡ ಕೊರತೆ ಬಿಸಿಲು. ಬಯಲಲ್ಲಿ ಬಿಟ್ಟರೆ ಹಳದಿಯಾಗಿ ಪುಡಿಯೇಳುತ್ತದೆ. ಮೇಲೆ ಪೇಂಟ್ ಬೇಕೇ ಬೇಕು. ಎಪಾಕ್ಸಿ ತುಂಬಿ ಮೇಲೆ ಜೆಲ್‌ಕೋಟ್ ಹಚ್ಚಬಹುದೇ ಎಂದು ಹಲವರು ಕೇಳುತ್ತಾರೆ. ಎಪಾಕ್ಸಿ ಪೂರ್ತಿ ಬಿಗಿದು, ತೊಳೆದು, ಉಜ್ಜಿದ್ದರೆ ಹಿಡಿದೀತು. ಆದರೆ ನಂಬಿಕೆಯ ಜೋಡಿ ಅದಲ್ಲ. ಪಾಲಿಯೆಸ್ಟರ್ ಮೇಲೆ ಎಪಾಕ್ಸಿ ಸರಿ, ಎಪಾಕ್ಸಿ ಮೇಲೆ ಪೇಂಟ್ ಸರಿ. ಜೆಲ್‌ಕೋಟೇ ಕಾಣಬೇಕೆಂದಿದ್ದರೆ ಮೊದಲಿನಿಂದಲೇ ಪಾಲಿಯೆಸ್ಟರ್ ರೆಸಿನ್ನಿನಲ್ಲಿ ಇಲ್ಲವೇ ವಿನೈಲ್ ಎಸ್ಟರ್ ಎಂಬ ರೆಸಿನ್ನಿನಲ್ಲಿ ಕೆಲಸ ಮಾಡಿ.

ಗುಳ್ಳೆಗಳ ಮಾತೂ ಇಲ್ಲೇ ಬರಬೇಕು. ಯಾವಾಗಲೂ ನೀರಿನಲ್ಲೇ ಕಟ್ಟಿಟ್ಟಿರುವ ದೋಣಿಯ ಅಡಿಯಲ್ಲಿ ಜೆಲ್‌ಕೋಟಿನ ಕೆಳಗೆ ಗುಳ್ಳೆ ಏಳುತ್ತವೆ. ಚುಚ್ಚಿದರೆ ಹುಳಿ ವಾಸನೆಯ ಅಂಟು ದ್ರವ ಹೊರಬರುತ್ತದೆ. ಇದಕ್ಕೆ ಆಸ್ಮಾಸಿಸ್ ಎನ್ನುತ್ತಾರೆ. ಉಪ್ಪುನೀರಿಗಿಂತ ಸಿಹಿನೀರಿನಲ್ಲಿ ಇದು ಬೇಗ, ಹಾಗಾಗಿ ಜಲಾಶಯ, ಕೆರೆಗಳಲ್ಲಿ ವರ್ಷಪೂರ್ತಿ ತೇಲುವ ಫೈಬರ್ ದೋಣಿಗಳ ಅಡಿಯನ್ನು ವರ್ಷಕ್ಕೊಮ್ಮೆಯಾದರೂ ಎತ್ತಿ ನೋಡಬೇಕು. ಪ್ರತಿದಿನ ದಡಕ್ಕೆಳೆದು ಒಣಗುವ ನಾಡದೋಣಿಗೆ ಈ ಕಾಟ ಕಡಿಮೆ. ಕಂಡಲ್ಲಿ ಎಲ್ಲ ಗುಳ್ಳೆ ಒಡೆದು, ಸಿಹಿನೀರಿನಲ್ಲಿ ಮತ್ತೆ ಮತ್ತೆ ತೊಳೆದು, ವಾರಗಟ್ಟಲೆ ಒಣಗಿಸಿ, ಎಪಾಕ್ಸಿ ಪುಟ್ಟಿ ತುಂಬಿ, ಮೇಲೆ ಎಪಾಕ್ಸಿಯ ಹಲವು ಕೋಟ್ ಕೊಡಬೇಕು. ಒಣಗಿಸುವ ಹಂತದಲ್ಲಿ ಅವಸರ ಮಾಡಿದರೆ ಗುಳ್ಳೆ ಮರಳುತ್ತದೆ.

ಕಾರಿನ ಬಾಡಿ ಪುಟ್ಟಿ ಬೇಡ

ಅಗ್ಗ, ಬೇಗ ಒಣಗುತ್ತದೆ, ಸುಲಭವಾಗಿ ಉಜ್ಜಬಹುದು, ಎಲ್ಲ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. ಅದಕ್ಕೇ ದೋಣಿಗೂ ಬಂದುಬಿಟ್ಟಿದೆ. ಅದರಲ್ಲಿರುವ ಟಾಲ್ಕ್ ಪುಡಿ ನೀರು ಹೀರುತ್ತದೆ. ನೀರಿನ ಗೆರೆಯ ಕೆಳಗೆ ಅದನ್ನು ಹಚ್ಚಲೇಬಾರದು. ಮೇಲೆಯೂ ನಾನು ಹಚ್ಚುವುದಿಲ್ಲ.

ಪೇಂಟ್

ಹತ್ತು-ಹದಿನೈದು ವರ್ಷದ ದೋಣಿ, ಎಲ್ಲೆಡೆ ಜೆಲ್‌ಕೋಟ್ ಸವೆದು ನಾರಿನ ವಿನ್ಯಾಸ ಕಾಣುತ್ತಿದೆ, ಬಿರುಕು ಎಣಿಸಲಾಗುವುದಿಲ್ಲ. ಇಂಥ ಕಡೆ ಒಂದೊಂದೇ ಬಿರುಕಿಗೆ ಜೆಲ್‌ಕೋಟ್ ತುಂಬುತ್ತಾ ಕೂರುವುದಕ್ಕಿಂತ ಆಳವಿದ್ದಲ್ಲಿ ಎಪಾಕ್ಸಿ ಪುಟ್ಟಿ ತುಂಬಿ, ಇಡೀ ಒಡಲನ್ನು ಉಜ್ಜಿ, ಎಪಾಕ್ಸಿ ಪ್ರೈಮರ್ ಕೊಟ್ಟು, ಮೇಲೆ ಎರಡು ಡಬ್ಬಿಯ (ಪೇಂಟಿಗೆ ಹಾರ್ಡ್ನರ್ ಬೆರೆಸಿ ಹಚ್ಚುವ) ಪಾಲಿಯುರೆಥೇನ್ ಪೇಂಟ್ ಹೊಡೆಯುವುದು ಲೇಸು. ಬಣ್ಣ ಹೊಂದಿಸುವ ತಲೆನೋವಿಲ್ಲ, ಬಿಸಿಲನ್ನು ಚೆನ್ನಾಗಿ ತಾಳುತ್ತದೆ. ಸಾದಾ ಎನಾಮಲ್ ಅಗ್ಗ, ಆದರೆ ಬೇಗ ಮಾಸುತ್ತದೆ. ಒಂದು ಡಬ್ಬಿಯ ಎನಾಮಲ್ ಇರುವ ಮೈಮೇಲೆ ಎರಡು ಡಬ್ಬಿಯ ಪೇಂಟ್ ಹಚ್ಚಿದರೆ ಕೆಳಗಿನದು ಸುಕ್ಕುಗಟ್ಟಿ ಎದ್ದುಬರುತ್ತದೆ, ಹಳೆಯದನ್ನು ಪೂರ್ತಿ ತೆಗೆಯಬೇಕು. ಪಾಲಿಯುರೆಥೇನಿನ ಹಾರ್ಡ್ನರಿನಲ್ಲಿ ಐಸೋಸೈನೇಟ್ ಇದೆ. ಗನ್ನಿನಲ್ಲಿ ಹೊಡೆದರೆ ಅದರ ಮಂಜು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು, ಉಬ್ಬಸ ಕಾಯಂ ಅಂಟಿಕೊಳ್ಳಬಹುದು. ಮನೆಯಂಗಳದಲ್ಲಿ ಮಾಡುವವರು ರೋಲರ್ ಮತ್ತು ಬ್ರಶ್ಶಿನಲ್ಲೇ ಹಚ್ಚಿ, ಅದಕ್ಕೂ ಮಾಸ್ಕ್ ಹಾಕಿ. ನೋಂದಣಿ ಸಂಖ್ಯೆಯ ಫೋಟೊ ಮೊದಲೇ ತೆಗೆದಿಟ್ಟು, ಪೇಂಟ್ ಒಣಗಿದ ಮೇಲೆ ಅದೇ ಜಾಗದಲ್ಲಿ ಬರೆಸಿ.

ಒಂದು ಎಚ್ಚರಿಕೆ ಕಯಾಕ್ ಇಟ್ಟುಕೊಂಡವರಿಗೆ. ಹಿನ್ನೀರಿನಲ್ಲಿ ಬಾಡಿಗೆಗೆ ಕೊಡುವ ಕಯಾಕ್‌ಗಳಲ್ಲಿ ಬಹುಪಾಲು ಪಾಲಿಎಥಿಲೀನ್ ಪ್ಲಾಸ್ಟಿಕ್ಕಿನವು, ಫೈಬರಿನವಲ್ಲ. ಅವುಗಳ ಮೇಲೆ ಜೆಲ್‌ಕೋಟೂ ಎಪಾಕ್ಸಿಯೂ ನಿಲ್ಲುವುದಿಲ್ಲ, ಪ್ಲಾಸ್ಟಿಕ್ ವೆಲ್ಡಿಂಗ್ ಮಾಡಿಸಬೇಕು. ಮೂಲ್ಕಿ ಕಡೆ ಸರ್ಫಿಂಗ್ ಬೋರ್ಡ್ ರಿಪೇರಿ ಮಾಡುವವರೂ ನೋಡಿಕೊಳ್ಳಿ: ಒಳಗೆ ಥರ್ಮೋಕೋಲ್ ಜಾತಿಯ ಫೋಮ್ ಇದ್ದರೆ ಪಾಲಿಯೆಸ್ಟರ್ ಅದನ್ನು ಕರಗಿಸಿಬಿಡುತ್ತದೆ, ಎಪಾಕ್ಸಿಯೇ ಬೇಕು.

ಮಿಸ್ತ್ರಿಯನ್ನು ಯಾವಾಗ ಕರೆಯಬೇಕು

ಟ್ರಾನ್ಸಮ್ಮಿನ ಒಳಗಿನ ಹಲಗೆ ಮೆತ್ತಗಾಗಿದ್ದರೆ, ಕೀಲ್ ಉದ್ದಕ್ಕೂ ಸೀಳಿದ್ದರೆ, ಮಂಕು ಸದ್ದಿನ ಜಾಗ ಒಂದಡಿಗಿಂತ ದೊಡ್ಡದಿದ್ದರೆ ಸ್ವಂತ ಪ್ರಯತ್ನ ಬೇಡ. ಅಲ್ಲಿ ಜೀವದ ಪ್ರಶ್ನೆ ಇದೆ. ಮಲ್ಪೆ, ಗಂಗೊಳ್ಳಿ, ಮಂಗಳೂರು, ತದಡಿ ಕಡೆ ಫೈಬರ್ ಕೆಲಸದಲ್ಲಿ ಪಳಗಿದ ಮಿಸ್ತ್ರಿಗಳಿದ್ದಾರೆ. ಕರೆಸಿದಾಗ ರೇಟಿಗಿಂತ ಮುಂಚೆ ಎರಡು ಮಾತು ಕೇಳಿ: ಅಡಿಭಾಗಕ್ಕೆ ಯಾವ ರೆಸಿನ್ ಹಾಕುತ್ತೀರಿ, ಎಷ್ಟು ದಿನ ಒಣಗಿಸುತ್ತೀರಿ? ಒಣಗಿಸುವ ದಿನಗಳನ್ನು ಲೆಕ್ಕಕ್ಕೆ ಹಿಡಿಯದವರಿಗೆ ಕೆಲಸ ಕೊಡಬೇಡಿ.

ನೀವೇ ಮಾಡಿದರೂ ನೀರಿಗಿಳಿಸುವ ದಿನವನ್ನು ಸಾಮಾನಿಗೆ ತಕ್ಕ ಹಾಗೆ ಗೊತ್ತುಮಾಡಿ. ಜೆಲ್‌ಕೋಟ್ ಮರುದಿನ ಉಜ್ಜುವಷ್ಟು ಗಟ್ಟಿಯಾದರೂ ಇನ್ನೆರಡು ದಿನ ದಡದಲ್ಲಿರಲಿ. ಎಪಾಕ್ಸಿ ಪೂರ್ತಿ ಬಲ ಪಡೆಯಲು ನಮ್ಮ ಹವೆಯಲ್ಲಿ ಸುಮಾರು ಒಂದು ವಾರ ಬೇಕು. ಪೇಂಟಿಗೆ ಡಬ್ಬಿಯ ಮೇಲೆ ಬರೆದಷ್ಟು ದಿನ. ಇಳಿಸಿದ ಮೊದಲ ವಾರ ದಡಕ್ಕೆಳೆಯುವಾಗ ರಿಪೇರಿಯಾದ ಜಾಗ ಹೊಯಿಗೆಗೆ ಉಜ್ಜದಂತೆ ಕೆಳಗೆ ಅಡಿಕೆ ಮರದ ದಬ್ಬೆಯೋ ಹಳೆಯ ಟಯರೋ ಹಾಕಿ. ತಿಂಗಳ ಮೇಲೆ ಅದೇ ಸ್ಕ್ರೂಡ್ರೈವರಿನ ಹಿಡಿಯಿಂದ ಮತ್ತೊಮ್ಮೆ ಕುಟ್ಟಿ ನೋಡಿ. ಸದ್ದು ಮಂಕಾಗಿದ್ದರೆ ಆ ಜಾಗವನ್ನು ತೆರೆದು, ಒಣಗಿಸಿ, ಮತ್ತೆ ಮಾಡಬೇಕು.